ಬೀಗಿತಿಯ ಆರೂವರೆ ಕಾಲಂ ರವಿಕೆ

ಹೆಗ್ಗಡದೇವನಕೋಟೆಯಲ್ಲಿ ಲೇಡೀಸ್ ಟೈಲರ್ ನಟರಾಜುವಿನ ಕೊರಳಲ್ಲಿ ಟೇಪು ನೋಡಿದವರು ಯಾರೂ ಇಲ್ಲ. ಬೇರೆ ಟೈಲರುಗಳು ಡಾಕ್ಟರ ಸ್ಟೆತಸ್ಕೋಪಿನ ಹಾಗೆ ಟೇಪು ಇಳಿಬಿಟ್ಟುಕೊಂಡು ಕೂತರೆ, ಈತ ಬರಿಗೊರಳಲ್ಲಿ ಕೂರುತ್ತಾನೆ. ರವಿಕೆ ಹೊಲಿಸಲು ಬಂದ ಹೆಂಗಸು ಅಂಗಡಿಯ ಮೆಟ್ಟಿಲು ಹತ್ತುವಾಗ ಒಂದು ಸಲ ಕಣ್ಣೆತ್ತಿ ನೋಡುತ್ತಾನೆ. "ಆಯ್ತು, ಸೋಮವಾರ ಬನ್ನಿ" ಅನ್ನುತ್ತಾನೆ. ಸೋಮವಾರ ರವಿಕೆ ಮೈಗೆ ಅಂಟಿಸಿದ ಹಾಗೆ ಕೂರುತ್ತದೆ. ಇದನ್ನು ಊರಿನ ಹೆಂಗಸರು ವಿದ್ಯೆ ಎಂದರು, ಗಂಡಸರು ಸ್ವಲ್ಪ ಅನುಮಾನದಿಂದ ನೋಡಿದರು, ನಟರಾಜು ಮಾತ್ರ ದೈವದತ್ತ ಎಂದ.

ನಾನು ಪಕ್ಕದ ಜೆರಾಕ್ಸ್ ಅಂಗಡಿಯ ಕಾಂತರಾಜು. ತಾಲ್ಲೂಕು ಕಚೇರಿಯ ಎದುರು ಅಂಗಡಿ ಇಟ್ಟವನಿಗೆ ತಾಳ್ಮೆ ಇರುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಲೀಗಲ್ ಸೈಜಿನ ಕ್ರಯಪತ್ರ ತಂದು "ಎ ಫೋರಲ್ಲೇ ಮಾಡ್ಕೊಡು" ಎಂದು ಹಟ ಹಿಡಿದು, ಆಮೇಲೆ ಕೆಳಗಿನ ಸಹಿ ಕಟ್ ಆಯಿತೆಂದು ನನ್ನನ್ನೇ ಬೈಯುವವರ ಮುಖ ನೋಡಿಕೊಂಡೇ ನನ್ನ ದಿನ ಕಳೆಯುತ್ತದೆ. ಕಾಗದದ ಅಳತೆ ಗೊತ್ತಿಲ್ಲದವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ.

ನಮ್ಮಿಬ್ಬರ ಅಂಗಡಿಗಳ ನಡುವೆ ಇರುವುದು ಹಲಗೆಯ ಗೋಡೆ. ಅದರ ಸಂದಿಯಿಂದ ನಟರಾಜುವಿನ ವಿದ್ಯೆ ನನ್ನ ಕಣ್ಣಿಗೆ ಬಿತ್ತು. ನಾನಾಗಿ ಇಣುಕಲಿಲ್ಲ, ಅದೇ ಬಿತ್ತು. ಆತ ದಿನಾ 'ಕಬಿನಿ ಸಮಾಚಾರ' ತರಿಸುತ್ತಿದ್ದ, ಒಂದಕ್ಷರ ಓದುತ್ತಿರಲಿಲ್ಲ. ಹಾಳೆಯನ್ನು ಮೇಜಿನ ಮೇಲೆ ಹರಡಿ ಬೆರಳಿನಲ್ಲಿ ಕಾಲಂ ಎಣಿಸುತ್ತಿದ್ದ. ಪುಟಕ್ಕೆ ಎಂಟು ಕಾಲಂ. ತೆಳ್ಳಗಿನ ಹುಡುಗಿಯಾದರೆ ನಾಲ್ಕು ಕಾಲಮ್ಮಿಗೆ ಗೆರೆ ಎಳೆದು ಕಾಗದ ಕತ್ತರಿಸುತ್ತಿದ್ದ. ಮಕ್ಕಳಾದವರಿಗೆ ಐದು. ಮೈಕೈ ತುಂಬಿಕೊಂಡ ಯಜಮಾನಿಯರಿಗೆ ಆರು. ಆ ಕಾಗದವನ್ನು ಬಟ್ಟೆಯ ಮೇಲಿಟ್ಟು ಕತ್ತರಿ ಆಡಿಸಿದರೆ ಮುಗಿಯಿತು. ಊರಿನ ಹೆಂಗಸರೆಲ್ಲ ಅವನ ತಲೆಯೊಳಗೆ ಸುದ್ದಿಗಳ ಹಾಗೆ ಕಾಲಂ ಲೆಕ್ಕದಲ್ಲಿ ಕೂತಿದ್ದರು. ಈ ಗುಟ್ಟು ಗೊತ್ತಿದ್ದದ್ದು ನನಗೆ ಮತ್ತು ಅವನ ಹೆಂಡತಿ ಸುನಂದಮ್ಮನಿಗೆ ಮಾತ್ರ. ಇಬ್ಬರೂ ಬಾಯಿ ಬಿಟ್ಟಿರಲಿಲ್ಲ.

ನಟರಾಜುವಿಗೆ ಒಬ್ಬಳೇ ಮಗಳು, ಪವಿತ್ರ. ಮಗಳೆಂದರೆ ಅವನಿಗೆ ಜೀವ. ಮೈಸೂರಿನಲ್ಲಿ ಬಿ.ಎಡ್. ಓದುವಾಗ ಅವಳು ಕೆ.ಆರ್. ನಗರದ ಕಡೆಯ ಸುನೀಲ್‌ಕುಮಾರ್ ಎಂಬ ಹುಡುಗನನ್ನು ಮೆಚ್ಚಿ, "ಆದ್ರೆ ಅವ್ರನ್ನೇ ಕಣಪ್ಪ" ಎಂದು ಕೂತಳು. ಹುಡುಗ ಒಳ್ಳೆಯವನು. ಚುಂಚನಕಟ್ಟೆ ನಾಲೆಯ ಕೆಳಗೆ ಭತ್ತದ ಗದ್ದೆ, ಹಾಲಿನ ಸೊಸೈಟಿಯಲ್ಲಿ ಕೆಲಸ. ಕಷ್ಟವಿದ್ದದ್ದು ಹುಡುಗನ ತಾಯಿ ಯಶೋದಮ್ಮನ ಕಡೆಯಿಂದ. ಹಿಂದೊಮ್ಮೆ ಹೆಣ್ಣು ನೋಡಲು ಹೋದ ಮನೆಯಲ್ಲಿ ಉಪ್ಪಿಟ್ಟಿನ ಜೊತೆ ನೀರು ಇಡಲು ಮರೆತರು ಎಂಬ ಕಾರಣಕ್ಕೆ, ಬಾಯಲ್ಲಿದ್ದ ತುತ್ತನ್ನು ಒಣಗಂಟಲಲ್ಲೇ ನುಂಗಿ, ಎದ್ದು ಬಂದು, ಆ ಸಂಬಂಧವನ್ನೇ ಬಿಟ್ಟ ಮಹಾತಾಯಿ ಆಕೆ.

ಆದರೂ ನಿಶ್ಚಿತಾರ್ಥ ಸಾಂಗವಾಗಿ ನಡೆಯಿತು. ನೀರನ್ನು ಉಪ್ಪಿಟ್ಟಿಗಿಂತ ಮೊದಲೇ ಇಟ್ಟಿದ್ದರು. ಹೆಣ್ಣಿನ ಕಡೆಯವರು ಬೀಗಿತಿಗೆ ರೇಷ್ಮೆ ಸೀರೆ ಕೊಡುವುದು ನಮ್ಮ ಕಡೆಯ ಪದ್ಧತಿ. ಸುನಂದಮ್ಮ ತಟ್ಟೆಯಲ್ಲಿ ಸೀರೆ ಇಟ್ಟು ಕೊಟ್ಟಾಗ ಯಶೋದಮ್ಮ ಅಂಚು ಮುಟ್ಟಿ ನೋಡಿ, "ಚೆನ್ನಾಗೈತೆ. ರವಿಕೆ ನಮ್ಮೂರಲ್ಲೇ ಹೊಲ್ಸ್ಕತ್ತೀನಿ ಬುಡಿ" ಎಂದರು.

ಆ ಮಾತು ನಟರಾಜುವಿಗೆ ನಾಟಿತು. "ಟೈಲರ್ ಮನೇಲಿ ಹೆಣ್ಣು ತಗಂಡು ರವಿಕೆ ಹೊರಗಡೆ ಹೊಲ್ಸದಾ ಬೀಗಿತಿ? ನಾನ್ ಬದ್ಕಿದ್ದೂ ಸತ್ತಂಗೆ. ಕೊಡಿ ಇತ್ಲಾಗೆ."

"ಅಂಗಾದ್ರೆ ಅಳ್ತೆಗೆ ಒಂದು ಹಳೇ ರವಿಕೆ ಕೊಟ್ ಕಳುಸ್ತೀನಿ."

"ಅಳ್ತೆ ಯಾಕೆ? ನೀವು ಬಾಗ್ಲಲ್ಲಿ ಚಪ್ಲಿ ಬಿಡೋವಾಗ್ಲೇ ನೋಡಾಯ್ತಲ್ಲ."

ಯಶೋದಮ್ಮ ಸೆರಗನ್ನು ಭುಜದ ಮೇಲೆ ಎಳೆದುಕೊಂಡರು. "ಅಷ್ಟು ಗ್ಯಾನ ಇದ್ರೆ ಹೊಲೀರಿ. ಆದ್ರೆ ಒಂದ್ ಮಾತು ಬೀಗ್ರೆ. ಧಾರೆ ಹೊತ್ನಲ್ಲಿ ನಮ್ಮ ಜನದ ಮುಂದೆ ನಿಂತ್ಕಳಳು ನಾನು. ರವಿಕೆ ಎಚ್ಚುಕಮ್ಮಿ ಆಯ್ತು ಅಂದ್ರೆ ನಾನು ಮಂಟಪ ಹತ್ತಕಿಲ್ಲ. ನಾನು ಹತ್ತದೆ ನನ್ನ ಮಗ ಹತ್ತಕಿಲ್ಲ."

ಸುನೀಲ್‌ಕುಮಾರ್ ನೆಲ ನೋಡಿದ, ಪವಿತ್ರ ಅಪ್ಪನನ್ನು ನೋಡಿದಳು. ಅಪ್ಪ ನಗುತ್ತಾ, "ಹೆದರ್ಕಬೇಡ ಮಗ" ಎಂದು ಕಣ್ಣಲ್ಲೇ ಧೈರ್ಯ ಹೇಳಿದ. ಅವನ ಮನಸ್ಸಿನಲ್ಲಿ ಬೀಗಿತಿ ಆಗಲೇ ಆರೂವರೆ ಕಾಲಂ ಎಂದು ಅಚ್ಚಾಗಿದ್ದರು.

ಇದಾಗಿ ಸ್ವಲ್ಪ ದಿನಕ್ಕೆ 'ಕಬಿನಿ ಸಮಾಚಾರ'ದ ಮುಖಪುಟದಲ್ಲಿ ಬಣ್ಣದ ಚೌಕಟ್ಟಿನೊಳಗೆ ಒಂದು ಪ್ರಕಟಣೆ ಬಂತು: ಓದುಗ ದೊರೆಗಳ ಕೈಗೆ ಹಗುರವಾಗಲೆಂದು ಪತ್ರಿಕೆ ಇಂದಿನಿಂದ ಹೊಸ ಆಕರ್ಷಕ ವಿನ್ಯಾಸದಲ್ಲಿ ಬರಲಿದೆ. ಬಿಡಿಸಿ ಹೇಳುವುದಾದರೆ, ಕಾಗದದ ಬೆಲೆ ಏರಿತ್ತು, ಪುಟದ ಅಗಲವನ್ನು ಒಂದು ಬೆರಳಿನಷ್ಟು ಕತ್ತರಿಸಿದ್ದರು. ಕಾಲಂ ಮಾತ್ರ ಎಂಟೇ ಉಳಿಸಿಕೊಂಡಿದ್ದರು, ಒಂದೊಂದೂ ಸಣಕಲಾಗಿತ್ತು. ನಮ್ಮ ಕೋಟೆಯಲ್ಲಿ ಈ ಪ್ರಕಟಣೆಯನ್ನು ಓದಿದವರು ಯಾರೂ ಇಲ್ಲ. ದಿನಭವಿಷ್ಯ ಒಳಪುಟದಲ್ಲಿರುವುದರಿಂದ ನಮ್ಮ ಜನ ಮುಖಪುಟವನ್ನು ಬಾಗಿಲು ತಳ್ಳಿದ ಹಾಗೆ ತಳ್ಳಿ ಒಳಗೆ ಹೋಗುತ್ತಾರೆ. ನಾನು ಓದುತ್ತಿದ್ದೆ, ಖಂಡಿತ ಓದುತ್ತಿದ್ದೆ. ಆದರೆ ನಾನು ತರಿಸುವುದು ಬೇರೆ ಪೇಪರು.

ಮೊದಲ ಏಟು ಬಿದ್ದದ್ದು ಅಂಗನವಾಡಿ ಟೀಚರ್ ಪ್ರಮೀಳಾಗೆ. ಹೊಸ ರವಿಕೆಯನ್ನು ಕವರಿನಲ್ಲಿ ಹಿಡಿದು ಬಂದವಳು ಮೆಟ್ಟಿಲ ಮೇಲಿಂದಲೇ ಶುರು ಮಾಡಿದಳು.

"ಏನಣ್ಣ ಇದು? ತೋಳು ತೂರ್ಸಿದ್ರೆ ಹುಕ್ಕು ಬೀಳಕಿಲ್ಲ, ಹುಕ್ಕು ಹಾಕಿದ್ರೆ ಉಸ್ರು ಬರಕಿಲ್ಲ!"

ನಟರಾಜು ಕತ್ತರಿ ಕೆಳಗಿಡಲಿಲ್ಲ. "ರವಿಕೆ ಸರಿಯಾಗೇ ಐತೆ ಕಣಮ್ಮ. ನೀನೇ ಊದ್ಕಂಡಿದ್ದೀಯ."

"ನಾನಾ? ಮಕ್ಕಳಿಗೆ ಮೊಟ್ಟೆ ಬೇಯ್ಸಿ ಬೇಯ್ಸಿ ಸೊರಗೋಗಿವ್ನಿ!"

"ಮಕ್ಕಳು ತಿಂದಿದ್ದೆಷ್ಟು, ಟೀಚರ್ ತಿಂದಿದ್ದೆಷ್ಟು ಅಂತ ರವಿಕೆ ಹೇಳ್ತಾ ಐತಲ್ಲ. ನನ್ನ ಕಣ್ಣು ತಪ್ಪಿದ್ದು ಯಾವತ್ತಾದ್ರೂ ನೋಡಿದ್ದೀಯಾ?"

ಪ್ರಮೀಳಾ ಯೋಚಿಸಿದಳು. ನೋಡಿರಲಿಲ್ಲ. ಬಂದಾಗ ಇದ್ದ ಸಿಟ್ಟು ಹೋಗಿ, ನಾಚಿಕೆ ತುಂಬಿಕೊಂಡು ಮನೆಗೆ ಹೋದಳು. ಮಾರನೆಯ ದಿನ ಇನ್ನೊಬ್ಬಳು ಬಂದಳು, ಆಮೇಲೆ ಸಾಲೇ ಹತ್ತಿತು. ಎಲ್ಲರಿಗೂ ಒಂದೇ ಉತ್ತರ. ಒಬ್ಬ ಹೆಂಗಸು ದಪ್ಪಗಾದರೆ ಅದು ಅವಳ ಚಿಂತೆ. ಊರಿಗೆ ಊರೇ ದಪ್ಪಗಾಯಿತು ಎಂದ ಮೇಲೆ ಅದು ಚಳವಳಿಯಾಗುತ್ತದೆ. ಬೆಳಕು ಹರಿಯುವ ಮೊದಲೇ ಹ್ಯಾಂಡ್‌ಪೋಸ್ಟ್ ರಸ್ತೆಯಲ್ಲಿ ಹೆಂಗಸರ ದಂಡು ಸೀರೆಯ ಮೇಲೆ ಸ್ವೆಟರ್ ಹಾಕಿಕೊಂಡು ದಾಪುಗಾಲು ಹಾಕತೊಡಗಿತು. ಮನೆಗಳಲ್ಲಿ ಮುದ್ದೆ ನಿಂಬೆಹಣ್ಣಿನ ಗಾತ್ರಕ್ಕಿಳಿಯಿತು, ಗಂಡಂದಿರಿಗೂ ಅದೇ ಗಾತ್ರ. ಹೋಟೆಲಿನ ನಂಜುಂಡಸ್ವಾಮಿ ನನ್ನ ಅಂಗಡಿಗೆ ಬಂದು ತಲೆ ಮೇಲೆ ಕೈ ಹೊತ್ತು ಕೂತ.

"ಲೇ ಕಾಂತ, ಮಸಾಲೆ ದೋಸೆ ಕೇಳೋರೇ ಇಲ್ಲ ಕಣ್ಲಾ. ಬಂದೋರೆಲ್ಲ ಬಿಸ್ನೀರು ಕೊಡಿ, ನಿಂಬೆಹಣ್ಣು ಹಿಂಡಿ ಅಂತವ್ರೆ. ಬಿಸ್ನೀರಿಗೆ ಯಾವ ಬಿಲ್ಲು ಹಾಕ್ಲಿ ನಾನು?"

ಅಷ್ಟರಲ್ಲಿ ಸರ್ಕಾರ ಎಚ್ಚೆತ್ತಿತು. ಅಂಗನವಾಡಿಗಳ ಮೇಲ್ವಿಚಾರಣೆಗೆ ಹೊಸದಾಗಿ ಬಂದಿದ್ದ ಅಧಿಕಾರಿ ಮೇಡಂ ಸಭೆ ಕರೆದಿದ್ದರು. ಟೀಚರುಗಳ ಹೊಸ ಸಮವಸ್ತ್ರದ ರವಿಕೆಗಳನ್ನೆಲ್ಲ ಹೊಲಿದವನು ನಟರಾಜು. ಒಬ್ಬೊಬ್ಬರ ಬೆನ್ನಿನ ಮೇಲೂ ಪಿನ್ನು, ಕೈ ಎತ್ತಿದರೆ ಪಟ್ ಎಂದು ಹೊಲಿಗೆ ಬಿಡುವ ಸದ್ದು. ಮೇಡಂ ಕಾರಣ ಕೇಳಿದರು, ಎಲ್ಲರೂ ದಪ್ಪಗಾಗಿದ್ದೇವೆ ಎಂಬ ಉತ್ತರ ಬಂತು. ಮೇಡಂ ಮುಖ ಅರಳಿತು. ಅಪೌಷ್ಟಿಕತೆಯ ಪಟ್ಟಿಯಲ್ಲೇ ಸದಾ ಹೆಸರು ಬರುವ ತಾಲ್ಲೂಕಿನಲ್ಲಿ ತಾವು ಬಂದ ಕೂಡಲೇ ಇಂಥ ಬದಲಾವಣೆ!

ಪ್ರಮೀಳಾ ಎದ್ದು ನಿಂತು, "ಮೇಡಂ, ತೂಕದ ಮಿಷಿನ್ನು ಮಾತ್ರ ಮೊದ್ಲಿನಷ್ಟೇ ತೋರುಸ್ತಾ ಐತೆ" ಎಂದಳು.

"ಮಿಷಿನ್ನು ಕೆಟ್ಟಿರಬೇಕು ಕಣ್ರೀ. ಹೊಸದಕ್ಕೆ ಬರೆದು ಹಾಕಿ" ಎಂದರು ಮೇಡಂ.

ಮೂರು ದಿನಕ್ಕೆ 'ಕಬಿನಿ ಸಮಾಚಾರ'ದಲ್ಲಿ ನಾಲ್ಕು ಕಾಲಂ ಸುದ್ದಿ: 'ಕೋಟೆ ಮಹಿಳೆಯರ ಆರೋಗ್ಯದಲ್ಲಿ ಗಣನೀಯ ಏರಿಕೆ'. ಜೊತೆಗೆ ಮೇಡಂ ಫೋಟೊ. ತಾನೇ ಪುಟ ಕತ್ತರಿಸಿ, ಅದರಿಂದ ರವಿಕೆ ಬಿಗಿಯಾಗಿ, ಆ ಬಿಗಿಯನ್ನು ತಾನೇ ಸುದ್ದಿ ಮಾಡುವ ಪತ್ರಿಕೆ ಪ್ರಪಂಚದಲ್ಲಿ ಬೇರೆ ಇರಲಾರದು. ನಟರಾಜು ಅಂದಿನ ಪುಟವನ್ನೇ ಮೇಜಿನ ಮೇಲೆ ಹರಡಿ, ಮೇಡಂ ಮುಖದ ಮಧ್ಯಕ್ಕೆ ಗೆರೆ ಎಳೆದು, ಬೀಗಿತಿಯ ರೇಷ್ಮೆ ರವಿಕೆಗೆ ಆರೂವರೆ ಕಾಲಂ ಕತ್ತರಿಸಿದ.

ರವಿಕೆಯನ್ನು ಸುನೀಲ್‌ಕುಮಾರನ ಕೈಲೇ ಕೊಟ್ಟು ಕಳಿಸಿದ್ದಾಯಿತು. ಮಾರನೆಯ ಬೆಳಗ್ಗೆ ಫೋನು ಬಂತು. ನಟರಾಜು ಹೆಮ್ಮೆಯಿಂದ, ನಾನೂ ಕೇಳಲಿ ಎಂದು, ಸ್ಪೀಕರಿಗೆ ಹಾಕಿದ.

"ಬೀಗ್ರೆ, ರವಿಕೆ ಬಿಗಿ ಬಂದೈತೆ" ಎಂದಿತು ಯಶೋದಮ್ಮನ ದನಿ. "ಬಟ್ಟೆ ಸಾಕಾಗ್ಲಿಲ್ವಾ, ಇಲ್ಲ ಬಟ್ಟೆ ಎಲ್ಲಾದ್ರೂ ಉಳೀತಾ?"

ಬಟ್ಟೆ ಕದ್ದ ಎಂಬ ಮಾತು ಟೈಲರಿಗೆ ತಾಯಿಯನ್ನೇ ಬೈದಂತೆ. ನಟರಾಜುವಿನ ಬಾಯಿ ಅಭ್ಯಾಸಬಲದಿಂದ ತಾನೇ ತೆರೆದುಕೊಂಡಿತು. "ರವಿಕೆ ಸರಿಯಾಗೇ ಐತೆ ಬೀಗಿತಿ. ನೀವೇ ನಿಶ್ಚಿತಾರ್ಥ ಆದ್ಮೇಲೆ ಸ್ವಲ್ಪ..."

ಸುನಂದಮ್ಮ ಅಂಗಡಿಯ ಹಿಂದಿನ ಮನೆಯಿಂದ ಓಡಿ ಬಂದು ಫೋನು ಕಿತ್ತುಕೊಳ್ಳುವಷ್ಟರಲ್ಲಿ ಮಾತು ಕೆ.ಆರ್. ನಗರ ತಲುಪಿಯಾಗಿತ್ತು. ಆ ಕಡೆ ಎಲ್ಲೋ ಎಮ್ಮೆ ಕೂಗಿದ್ದು ಕೇಳಿಸಿತು.

"ಸ್ವಲ್ಪ ಏನು ಬೀಗ್ರೆ?" ಎಂದರು ಯಶೋದಮ್ಮ. ಉತ್ತರಕ್ಕೆ ಕಾಯಲಿಲ್ಲ. "ಇರ್ಲಿ. ಮದ್ವೆ ದಿನ ಇದೆಯಲ್ಲ. ಆವತ್ತು ನೋಡ್ಕಳಣ."

ಆವತ್ತಿನಿಂದ ಆ ಮನೆಯಲ್ಲಿ ನಗು ನಿಂತಿತು. ಪವಿತ್ರ ಊಟ ಬಿಟ್ಟು ಮೂಲೆ ಹಿಡಿದಳು. "ಅಪ್ಪ, ನಿಂಗೆ ನಿನ್ನ ಹೆಸ್ರು ಹೆಚ್ಚಾ, ನಾನ್ ಹೆಚ್ಚಾ?" ಎಂದು ಕೇಳಿದಳಂತೆ. ನಟರಾಜು ಅವಳ ತಲೆ ಸವರಿದ. ಆದರೂ, "ನನ್ನ ಕಣ್ಣು ತಪ್ಪಾಕಿಲ್ಲ ಮಗ, ಆಯಮ್ಮ ನಿಜವಾಗ್ಲೂ ಊದೈತೆ" ಎಂದ. ಅವನು ಸುಳ್ಳು ಹೇಳುತ್ತಿರಲಿಲ್ಲ, ಅದನ್ನು ಪೂರ್ತಿ ನಂಬಿದ್ದ. ಅದೇ ಅವನ ಕರ್ಮ.

ಮದುವೆ ಮನೆ ಎಂದ ಮೇಲೆ ಸುಣ್ಣಬಣ್ಣ ಆಗಲೇಬೇಕು. ಅಡುಗೆಮನೆಯ ಕಬ್ಬಿಣದ ಸ್ಟ್ಯಾಂಡಿನಿಂದ ಡಬ್ಬಗಳನ್ನು ಇಳಿಸಿ, ಹಳೆಯ ಪೇಪರು ತೆಗೆದು, ಸುನಂದಮ್ಮ ಹೊಸ ಪೇಪರು ಹಾಸಲು ಕೂತರು. ಪ್ರತಿ ವರ್ಷ ಒಂದು ಪುಟ ಒಂದು ಅರೆಗೆ ಸರಿಯಾಗಿ ಕೂರುತ್ತಿತ್ತು. ಈ ಸಲ ಪಕ್ಕದಲ್ಲಿ ಒಂದು ಬೆರಳಗಲ ಕಬ್ಬಿಣ ಕಾಣಿಸಿತು. ಇತ್ತ ಎಳೆದರೆ ಅತ್ತ ಬರಿದು, ಅತ್ತ ಎಳೆದರೆ ಇತ್ತ ಬರಿದು. ಗಂಡನನ್ನು ಕೂಗಿದರು. ಮದುವೆ ಕರೆಯೋಲೆಯ ಕರಡು ತೋರಿಸಲು ಹೋಗಿದ್ದ ನಾನೂ ಅವನ ಹಿಂದೆಯೇ ಒಳಗೆ ಹೋದೆ.

"ಇಲ್ ನೋಡಿ, ಪೇಪರ್ ಸಾಲ್ತಾ ಇಲ್ಲ."

ನಟರಾಜು ಒಂದು ಸಲ ಕಣ್ಣೆತ್ತಿ ನೋಡಿ ತೀರ್ಪು ಕೊಟ್ಟ. "ಪೇಪರ್ ಸರಿಯಾಗೇ ಐತೆ. ಸ್ಟ್ಯಾಂಡು ಅಗ್ಲ ಆಗೈತೆ."

ಸುನಂದಮ್ಮ ಗಂಡನ ಮುಖವನ್ನೇ ನೋಡಿದರು. ಆಮೇಲೆ ಬಹಳ ನಿಧಾನವಾಗಿ ಕೇಳಿದರು: "ಕಬ್ಬಿಣದ ಸ್ಟ್ಯಾಂಡು ಏನು ತಿಂದು ದಪ್ಪ ಆಯ್ತು? ಮೊಟ್ಟೆನಾ?"

ಕಸಕ್ಕೆ ಹಾಕಿದ್ದ ಹಳೆಯ ಹಾಳೆಯನ್ನು ತಂದು ಹೊಸ ಹಾಳೆಯ ಮೇಲೆ ಹರಡಿದರು. ಅರಿಶಿನದ ಕಲೆ, ಎಣ್ಣೆ ಡಬ್ಬದ ಉಂಗುರ, ಎಲ್ಲ ಇದ್ದರೂ ಹಳೆಯದು ಹಳೆಯದೇ. ಒಂದು ಬೆರಳು ಹೊರಗೆ ಚಾಚಿಕೊಂಡಿತ್ತು. ಕಾಲಂ ಎಣಿಸಿದರು. ಅದರಲ್ಲೂ ಎಂಟು, ಇದರಲ್ಲೂ ಎಂಟು. ನಟರಾಜು ಗೋಡೆಗೆ ಒರಗಿ ಕುಸಿದು ಕೂತ.

"ಅಯ್ಯೋ, ಇಡೀ ಕೋಟೆ ಹೆಂಗಸ್ರಿಗೆ ಊದ್ಕಂಡಿದ್ದೀರಿ ಅಂದ್ಬುಟ್ಟೆನಲ್ಲೇ!"

"ಕೋಟೆ ಹಾಳಾಗೋಗ್ಲಿ. ಬೀಗಿತಿಗೂ ಅಂದ್ರಲ್ಲ!" ಎಂದರು ಸುನಂದಮ್ಮ. "ನಡೀರಿ ಕೆ.ಆರ್. ನಗರಕ್ಕೆ. ನಾನೇ ಟೇಪ್ ಹಿಡಿದು ಅಳ್ತೆ ತಗಂಡು ಬತ್ತೀನಿ."

"ಟೇಪ್ ಹಿಡಿದ್ರೆ ನನ್ನ ಮರ್ವಾದೆ?"

"ಮಗಳ ಮದ್ವೆ ನಿಂತ್ರೆ ಉಳಿಯೋ ಮರ್ವಾದೆ ಯಾವ್ದು ಹೇಳಿ!"

ಅವನು ನನ್ನನ್ನು ಎಳೆದುಕೊಂಡು ಸೀದಾ ನನ್ನ ಅಂಗಡಿಗೆ ಬಂದು, ಅಂದಿನ ಪೇಪರನ್ನು ಯಂತ್ರದ ಮೇಲಿಟ್ಟ. "ಲೇ ಕಾಂತ, ಇದನ್ನ ಹಳೇ ಸೈಜಿಗೆ ದೊಡ್ಡದು ಮಾಡ್ಕೊಡ್ಲಾ."

ಇಷ್ಟು ವರ್ಷ ಎಲ್ಲರನ್ನೂ ಸಹಿಸಿದ್ದೆ. "ಇದಕ್ಕೆ ಎ ಫೋರು ಗೊತ್ತು, ಲೀಗಲ್ಲು ಗೊತ್ತು, ಬಲವಂತ ಮಾಡಿದ್ರೆ ಎ ತ್ರೀ ಕಕ್ಕುತ್ತೆ. ಪೇಪರ್ ಪುಟ ನುಂಗೋ ಬಾಯಿ ಇದಕ್ಕಿಲ್ಲ ಕಣೋ! ಹಳೇ ಹಾಳೆ ಮನೇಲೇ ಬಿದ್ದೈತಲ್ಲ, ಅದನ್ನೇ ಇಟ್ಕಂಡು ಕತ್ತರ್ಸು. ಹೋಗು!" ಎಂದು ಕೂಗಿದೆ. ಅವನ ಮುಖ ಬೆಳಗಿತು. ಸೀರೆಯ ಬಣ್ಣಕ್ಕೆ ಹೊಂದುವ ಹೊಸ ರೇಷ್ಮೆ ಬಟ್ಟೆಯಲ್ಲಿ, ಅರಿಶಿನದ ಕಲೆಯ ಹಾಳೆಯಿಂದ, ಬೀಗಿತಿಗೆ ಎರಡನೆಯ ರವಿಕೆ ಸಿದ್ಧವಾಯಿತು. ಅಂದಿನಿಂದ ಊರಿನವರಿಗೂ ಅದೇ ಹಾಳೆ. ಹೊಸ ರವಿಕೆಗಳು ಸರಿಯಾಗಿ ಕೂತದ್ದೇ ತಡ, ಹೆಂಗಸರೆಲ್ಲ ಹ್ಯಾಂಡ್‌ಪೋಸ್ಟ್ ರಸ್ತೆಗೆ ಕೈ ಮುಗಿದರು, ಇಳಿದೆವು ಎಂದು ಸಿಹಿ ಹಂಚಿದರು. ಕೋಟೆ ಮತ್ತೆ ಸೊರಗಿದ್ದೇಕೆ ಎಂದು ಮೇಡಂಗೆ ಮೇಲಿನಿಂದ ನೋಟಿಸು ಬಂತಂತೆ, ಪಾಪ.

ಮದುವೆ ಎರಡೂ ಕಡೆಗೆ ಅನುಕೂಲವೆಂದು ಹುಣಸೂರಿನ ಛತ್ರದಲ್ಲಿ. ಬೆಳಗ್ಗೆ ಸುನಂದಮ್ಮ ಎರಡನೆಯ ರವಿಕೆಯನ್ನು ತಟ್ಟೆಯಲ್ಲಿಟ್ಟು ಬೀಗಿತಿಯ ಕೋಣೆಗೆ ಹೋದರು. "ಮೊದಲ್ನೇದು ಸುಮ್ನೆ ನೋಡಕ್ಕೆ ಅಂತ ಹೊಲ್ದಿದ್ದು, ಇದು ಮದ್ವೇದು" ಎಂದು ಒಂದು ಸುಳ್ಳು ಹೇಳಿ ಕೊಟ್ಟು ಬಂದರು. ಬಾಗಿಲು ಮುಚ್ಚಿತು. ಹಸೆಮಣೆಯ ಹತ್ತಿರ ಪುರೋಹಿತರು ಮುಹೂರ್ತ ಹತ್ತಿರವಾಯಿತು ಎಂದು ಅವಸರ ಮಾಡುತ್ತಿದ್ದರು. ಪವಿತ್ರ ತಲೆ ಬಗ್ಗಿಸಿ ಕೂತಿದ್ದಳು. ನಟರಾಜು ಕೋಣೆಯ ಬಾಗಿಲಲ್ಲೇ ನಿಂತು ಪಂಚೆಯ ತುದಿ ಹಿಂಡುತ್ತಿದ್ದ.

ಬಾಗಿಲು ತೆರೆಯಿತು. ಯಶೋದಮ್ಮ ಹೊರಗೆ ಬಂದರು. ರವಿಕೆ ಅವರ ಮೈಮೇಲೆ ಜೋಲಾಡುತ್ತಿತ್ತು. ತೋಳಿನಲ್ಲಿ ಇನ್ನೊಂದು ತೋಳು ಹಿಡಿಸುವಷ್ಟು ಜಾಗ. ಭುಜ ಜಾರಿ ಕೆಳಗೆ ಬರುತ್ತಿತ್ತು, ಅವರು ಮೇಲೆತ್ತಿಕೊಳ್ಳುತ್ತಿದ್ದರು. ಕಣ್ಣಲ್ಲಿ ನೀರು.

ನಟರಾಜು ಮಾನ, ಹೆಸರು, ದೈವದತ್ತ ವಿದ್ಯೆ, ಎಲ್ಲವನ್ನೂ ಆ ಕ್ಷಣ ಎಸೆದುಬಿಟ್ಟ. ಮಗಳೊಬ್ಬಳು ಉಳಿದರೆ ಸಾಕಾಗಿತ್ತು. ಎರಡೂ ಕೈ ಜೋಡಿಸಿ ಮುಂದೆ ಹೋದ. "ತಪ್ಪು ನಂದು ಬೀಗಿತಿ. ನನ್ನ ಕಣ್ಣಲ್ಲಿ ಏನೂ ಇಲ್ಲ, ಎಲ್ಲ ಪೇಪರಿಂದ..."

"ಸಡ್ಲ ಬೀಗ್ರೆ!" ಎಂದು ಯಶೋದಮ್ಮ ಗಟ್ಟಿಯಾಗಿ ಅತ್ತರು. "ನೋಡ್ರೀ, ಎಷ್ಟ್ ಸಡ್ಲ! ನೀವು ಫೋನಲ್ಲಿ ಅಂದ ದಿನದಿಂದ ನಾನು ಮುದ್ದೆ ಮುಟ್ಟಿಲ್ಲ. ಹುರುಳಿಕಟ್ಟು ಕುಡ್ದು ಮಲಗಿವ್ನಿ. ನಾಲೆ ಏರಿ ಮೇಲೆ ನಡ್ದೂ ನಡ್ದೂ ಕಾಲು ಬೊಬ್ಬೆ ಬಂದವೆ. ನಮ್ಮ ಮನೇರು ಇಷ್ಟು ವರ್ಷ ಸಂಸಾರ ಮಾಡಿ ಒಂದ್ ದಿನ ನಿಜ ಹೇಳಿರ್ಲಿಲ್ಲ. ನೀವೊಬ್ರು ಹೇಳಿದ್ರಿ!"

ನಟರಾಜುವಿನ ಬಾಯಿ ತೆರೆದೇ ಇತ್ತು. ನಿಜ ಅದರೊಳಗೆ, ನಾಲಿಗೆಯ ತುದಿಯಲ್ಲೇ ಇತ್ತು. ತಾನು ಎಂದೂ ಊದಿರಲಿಲ್ಲ, ಇಷ್ಟು ದಿನ ಮುದ್ದೆ ಬಿಟ್ಟದ್ದು ಒಂದು ಪತ್ರಿಕೆಯ ಕಾಗದದ ಖರ್ಚು ಉಳಿಸಲು ಎಂದು ಈ ತಾಯಿಗೆ ಈಗ ತಿಳಿದರೆ, ಮಂಟಪವಿರಲಿ, ಛತ್ರವೇ ಉಳಿಯುವುದಿಲ್ಲ. ಅದು ಅವನಿಗೆ ಹೊಳೆಯುವ ಮೊದಲೇ ಸುನಂದಮ್ಮ ಅವನ ಕಾಲನ್ನು ಬಲವಾಗಿ ತುಳಿದರು. ಅವನು ಬಾಯಿ ಮುಚ್ಚಿ, ಮತ್ತೆ ತೆರೆದು, "ಹೂಂ ಬೀಗಿತಿ, ಬಾಳ ಇಳ್ದಿದ್ದೀರಿ" ಎಂದ. ಅವನು ಆ ವರ್ಷ ಒಬ್ಬ ಹೆಂಗಸಿನ ಮೈಯ ಬಗ್ಗೆ ಹೇಳಿದ ನಿಜವಾದ ಮಾತು ಅದೊಂದೇ.

ಯಶೋದಮ್ಮ ರವಿಕೆಯ ಬೆನ್ನಿಗೆ ಎರಡು ಪಿನ್ನು ಚುಚ್ಚಿಸಿಕೊಂಡು ಎಲ್ಲರಿಗಿಂತ ಮೊದಲೇ ಮಂಟಪ ಹತ್ತಿದರು. ಧಾರೆ ಆಯಿತು. ಪವಿತ್ರ ಅಪ್ಪನ ಕಡೆ ನೋಡಿ ನಕ್ಕಳು. ನಟರಾಜು ಮುಖ ತಿರುಗಿಸಿ ಕಣ್ಣೊರೆಸಿಕೊಂಡ, ಹೋಮದ ಹೊಗೆ ಎಂದ.

ಮೂರನೆಯ ದಿನ ಚುಂಚನಕಟ್ಟೆಯ ಹತ್ತಿರ ಅವರ ತೋಟದಲ್ಲಿ ಬೀಗರ ಔತಣ. ಯಶೋದಮ್ಮ ನೆಂಟರಿಗೆಲ್ಲ ತೋರಿಸಲೆಂದು ಅದೇ ಸಡಿಲ ರವಿಕೆಯಲ್ಲೇ ಓಡಾಡಿ, ಕೊನೆಗೆ ಬೀಗರ ಎದುರು ಎಲೆ ಹಾಕಿಸಿಕೊಂಡು ಕೂತರು. ಮುದ್ದೆ ಬಂತು, ಮಟನ್ ಸಾರು ಬಂತು, ಬೋಟಿ ಗೊಜ್ಜು ಬಂತು. ಮೊದಲ ತುತ್ತು ಬಾಯಿಗಿಟ್ಟಾಗ ಅವರು ಕಣ್ಣು ಮುಚ್ಚಿದರು. ಆಮೇಲೆ ತಲೆ ಎತ್ತಲಿಲ್ಲ. ಬಡಿಸುವವರು ಅವರ ಎಲೆಯ ಹತ್ತಿರವೇ ನಿಲ್ಲಬೇಕಾಯಿತು. ಅಷ್ಟು ದಿನದ ಹಸಿವು ಒಂದೇ ಪಂಕ್ತಿಯಲ್ಲಿ ತೀರಿತು. ಕೈ ತೊಳೆದು, ಎಲೆ ಅಡಿಕೆ ಹಾಕಿಕೊಂಡು ಬಂದಾಗ ಪಿನ್ನುಗಳೆರಡೂ ಕೈಯಲ್ಲಿದ್ದವು. ರವಿಕೆ ಮೈಗೆ ಅಂಟಿಸಿದ ಹಾಗೆ ಕೂತಿತ್ತು.

"ಇದೇನು ಬೀಗ್ರೆ?" ಎಂದು ಯಶೋದಮ್ಮ ಬೆರಗಾಗಿ ತೋಳು ತಡವಿಕೊಂಡರು. "ಈಗ ಎಷ್ಟು ಸರಿಯಾಗಿ ಕೂತೈತೆ!"

ಸುನಂದಮ್ಮ ಗಂಡನ ಕಾಲು ಹುಡುಕಿದರು. ತಡವಾಗಿತ್ತು.

"ಮತ್ತೆ?" ಎಂದ ನಟರಾಜು, ಹಲ್ಲಿಗೆ ಕಡ್ಡಿ ಹಾಕುತ್ತಾ. "ಔತ್ಣದ ಊಟಾನೂ ಸೇರ್ಸ್ಕಂಡೇ ಕತ್ತರಿ ಹಾಕಿದ್ದು ಬೀಗಿತಿ."